ಎಲ್ಲಿ ನೋಯುತ್ತೆ, ಸರಿಯಾಗಿ ಹೇಳು

ರಜೆಯ ದಿನವೆಂದು ಮೊನ್ನೆ ತಡವಾಗಿ ಓಡಲು ಹೋಗಿದ್ದೆ. ವಾಪಸು ಬರುವಾಗ ಎಡಗಾಲಿನ ಹಿಮ್ಮಡಿ ಚುರುಚುರು ಎನ್ನುತ್ತಿತ್ತು. ಹೊಸ ಶೂ, ಕಚ್ಚುತ್ತದೆಂದು ಗೊತ್ತಿದ್ದೂ ಹಾಕಿಕೊಂಡು ಹೋಗಿದ್ದೆ. ಕುಂಟುತ್ತಾ ನಮ್ಮ ಸೆಕ್ಟರಿನ ಮಾರ್ಕೆಟ್ ದಾಟುತ್ತಿದ್ದಾಗ ಲೋಬಾನದವನು ಎದುರಾದ. ಕೈಯಲ್ಲಿ ಸರಪಳಿಗೆ ತೂಗುಬಿಟ್ಟ ಕೆಂಡದ ಡಬ್ಬಿ, ಹೆಗಲಿಗೊಂದು ಜೋಳಿಗೆ. ಆಗಷ್ಟೇ ಶಟರ್ ಎತ್ತಿದ ಅಂಗಡಿಗಳೊಳಗೆ ಹೊಗೆ ಆಡಿಸುತ್ತಾ ಬರುತ್ತಿದ್ದ. ಆ ಹೊಗೆ ನನ್ನ ಮುಖಕ್ಕೇ ಬಡಿಯಿತು. ಇಲ್ಲಿ ದೆಹಲಿಯಲ್ಲಿ ಅದು ಲೋಬಾನ, ನಮ್ಮ ಕಡೆ ಅದನ್ನೇ ಸಾಂಬ್ರಾಣಿ ಎನ್ನುತ್ತೇವೆ. ಬೇರೆಯವರಿಗೆ ಆ ವಾಸನೆಯಿಂದ ಎಣ್ಣೆ ನೀರು ಹಾಕಿಸಿಕೊಂಡ ಕೂಸು ನೆನಪಾಗಬಹುದು, ಇಲ್ಲವೇ ದೇವರ ಕೋಣೆ. ನನಗೆ ಕಾಲು ನೆನಪಾಗುತ್ತದೆ. ಬೆವರಿದ, ಬೊಬ್ಬೆ ಎದ್ದ ನನ್ನದೇ ಕಾಲು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ ಕೆಳಗಿನ ಮನೆಯ ಮೇಜರ್ ಆಂಟಿ...

ಅವರ ಬಳಿ ಒಂದು ಕಂದು ಸೀಸೆ ಇತ್ತು. ಟಿಂಚರ್ ಬೆಂಜೋಯಿನ್. ಸಾಂಬ್ರಾಣಿಯನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿದ್ದು ಅದು ಎಂದು ಅವರೇ ಹೇಳಿದ್ದರು. ಹಿಮ್ಮಡಿಗೆ ಅದನ್ನು ಹಚ್ಚಿ, ಅಂಟಂಟಾದ ಮೇಲೆ ಪಟ್ಟಿ ಒತ್ತಿದರೆ ಎಂಥ ಬೆವರಿಗೂ ಏಳುತ್ತಿರಲಿಲ್ಲ. ಒಡೆದ ಚರ್ಮಕ್ಕೆ ತಗಲಿದರೆ ಮಾತ್ರ ಪ್ರಾಣ ಹೋದಷ್ಟು ಉರಿ. ಅದಕ್ಕೇ ಬೊಬ್ಬೆಯ ಸುತ್ತ ಮಾತ್ರ ಹಚ್ಚುತ್ತಿದ್ದರು. ಅವರ ಹಾಲ್ ಸದಾ ಆ ವಾಸನೆಯಲ್ಲಿರುತ್ತಿತ್ತು.

ನನಗೆ ಕೂರಲು ಬರುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಬೇಸರದಿಂದಲೇ ಹೇಳುತ್ತಿದ್ದೇನೆ. ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಲ್ಲುತ್ತೇನೆ. ಆಫೀಸಿನಲ್ಲಿ ಕಡತ ಕಳಿಸುವ ಬದಲು ನಾನೇ ಹಿಡಿದುಕೊಂಡು ಮಹಡಿ ಹತ್ತುತ್ತೇನೆ. ಹಾಸನದಲ್ಲಿದ್ದಾಗ ಅಮ್ಮ, "ಕಾಲು ಸುಟ್ಟ ಬೆಕ್ಕಿನ ಹಾಗೆ ಆಡಬೇಡ, ಒಂದು ಕಡೆ ಕೂತ್ಕೊ" ಎಂದು ಬೈಯುತ್ತಿದ್ದಳು. ದೆಹಲಿಗೆ ಕೆಲಸದ ಮೇಲೆ ಬಂದ ಮೇಲೆ ಆ ಚಡಪಡಿಕೆ ಇನ್ನೂ ಹೆಚ್ಚಿತು. ಇಲ್ಲಿ ಎಲ್ಲರೂ ಎಲ್ಲಿಗೋ ಹೊರಟವರೇ, ಅವರ ಮಧ್ಯೆ ನನ್ನದು ಯಾರಿಗೂ ಎದ್ದು ಕಾಣಲಿಲ್ಲ. ಬೆಳಗಿನ ಜಾವ ಎಚ್ಚರವಾದರೆ ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಆಗುತ್ತಿತ್ತು. ಅದಕ್ಕೆ ಓಡಲು ಶುರುಮಾಡಿದೆ. "ಓಡೋದು ನಿನ್ನ ಕಾಲಲ್ಲ ಕಣೇ, ತಲೆ" ಎಂದು ನಮ್ಮ ಯಜಮಾನರು ಹೊದಿಕೆಯೊಳಗಿಂದಲೇ ಹೇಳುತ್ತಿದ್ದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಓಡುವವರಿಗೆ ಬೊಬ್ಬೆ ಹೊಸದಲ್ಲ. ಆದರೆ ಅದು ವಾಸಿಯಾಗಲು ಬಿಡಬೇಕಲ್ಲ, ಬಿಡುವಷ್ಟು ತಾಳ್ಮೆ ನನಗಿರಲಿಲ್ಲ. ಮೊಬೈಲಿನಲ್ಲಿ ನೋಡಿ ಒಂದು ದಿನ ವ್ಯಾಸಲೀನ್, ಇನ್ನೊಂದು ದಿನ ಪೌಡರ್, ಮತ್ತೊಂದು ದಿನ ಎರಡೆರಡು ಸಾಕ್ಸ್. ಬೊಬ್ಬೆ ಒಡೆದರೆ ಮೇಲಿನ ಚರ್ಮ ಕಿತ್ತು ಬಿಸಾಡಿ, ಮಾರನೆಯ ದಿನ ಮತ್ತೆ ಅದೇ ಶೂ. ಹಾಗೆ ಒಂದು ಬೆಳಿಗ್ಗೆ ನಮ್ಮ ಸೊಸೈಟಿಯ ಮೆಟ್ಟಿಲ ಮೇಲೆ ಕೂತು ಸಾಕ್ಸ್ ಎಳೆದಾಗ ಅದು ಹಸಿ ಗಾಯಕ್ಕೆ ಅಂಟಿಕೊಂಡಿತ್ತು. "ಅಯ್ಯೋ ಶಿವನೇ" ಎಂದು ಬಾಯಿಂದ ಬಂತು. ನನ್ನ ಬೆನ್ನ ಹಿಂದೆ ನೆಲಮಹಡಿಯ ಮನೆಯ ಬಾಗಿಲು ತೆರೆದುಕೊಂಡಿತು.

"ಕನ್ನಡದವಳಾ? ಒಳಗೆ ಬಾ. ಎಳೀಬೇಡ ಅದನ್ನ, ನೀರು ಹಾಕಿ ನೆನೆಸಬೇಕು."

ನೆಟ್ಟಗೆ ನಿಂತ ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು. ಗೇಟಿನ ಗಾರ್ಡ್ ಅವರಿಗೆ ಸಲ್ಯೂಟ್ ಹೊಡೆಯುವುದನ್ನು ನೋಡಿದ್ದೆ, ಮಾತಾಡಿಸಿರಲಿಲ್ಲ. ಕೊಡಗಿನವರು. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯಾಗಿದ್ದು ಮೇಜರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ದೇಶದ ಮೂಲೆಮೂಲೆಯ ಕ್ವಾರ್ಟರ್ಸುಗಳಲ್ಲಿ ಬದುಕಿ ಕೊನೆಗೆ ದೆಹಲಿಯ ದ್ವಾರಕಾದ ಈ ನೆಲಮಹಡಿಯ ಮನೆಯನ್ನು ತಮ್ಮದೆಂದು ಮಾಡಿಕೊಂಡಿದ್ದರು. ಸ್ವಂತ ಎನ್ನುವ ಬಾಗಿಲಿಗೆ ಬೀಗ ಹಾಕಿದ್ದು ಅರವತ್ತರ ಹತ್ತಿರ ಬಂದ ಮೇಲೆ ಎಂದು ಒಮ್ಮೆ ಹೇಳಿದ್ದರು. ಹೇಳುವಾಗ ಬಾಗಿಲನ್ನೇ ನೋಡುತ್ತಿದ್ದರು.

ಆ ಮೊದಲ ದಿನ ಅವರು ಸ್ಟೂಲ್ ಎಳೆದು ಕೂತು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಬೆಂಕಿ ತಾಗಿದವಳಂತೆ ಹಿಂದಕ್ಕೆಳೆದುಕೊಂಡೆ. ಹಿರಿಯರು ನಮ್ಮ ಕಾಲು ಮುಟ್ಟುವುದೆಂದರೇನು, ನನಗೆ ಪಾಪ ಸುತ್ತಿಕೊಳ್ಳುತ್ತದೆ ಎಂದೆ.

"ಪಾಪ ಆಮೇಲೆ ನೋಡೋಣ. ಮೊದಲು ಕೀವು ನೋಡ್ತೀನಿ" ಎಂದು ಕಾಲನ್ನು ಮತ್ತೆ ಎಳೆದುಕೊಂಡರು.

ಸೈನ್ಯದಲ್ಲಿ ಅದೊಂದು ಪದ್ಧತಿಯಂತೆ. ದೂರದ ನಡಿಗೆ ಮುಗಿಸಿ ಬಂದ ಜವಾನರು ಬೂಟು ಬಿಚ್ಚಿ ಸಾಲಾಗಿ ಕೂರುತ್ತಾರೆ, ಅಧಿಕಾರಿಯೇ ಬಗ್ಗಿ ಒಬ್ಬೊಬ್ಬರ ಪಾದ ಪರೀಕ್ಷಿಸುತ್ತಾರೆ. ಅದು ಕೀಳು ಕೆಲಸ ಎಂದು ಯಾರಿಗೂ ಅನ್ನಿಸುವುದಿಲ್ಲ. "ಪಾದ ನೋಡದ ಅಧಿಕಾರಿಯ ಹಿಂದೆ ಯಾರೂ ನಡೆಯೋಲ್ಲ ಬೇಟಾ" ಎಂದಿದ್ದರು. ಅಂದಿನಿಂದ ಭಾನುವಾರದ ಉದ್ದದ ಓಟ ಮುಗಿದ ಮೇಲೆ ಅವರ ಹಾಲಿನಲ್ಲಿ ನನಗೆ ಕಾಲಿನ ಪರೇಡ್ ಕಡ್ಡಾಯವಾಯಿತು.

ಅವರ ಕಟ್ಟಳೆಗಳು ಈಗಲೂ ಬಾಯಿಪಾಠವಿವೆ. ಚಿಕ್ಕ ಬೊಬ್ಬೆಯ ತಂಟೆಗೆ ಹೋಗಬಾರದು. ನೀರು ತುಂಬಿ ಬಿಗಿದು ಹೆಜ್ಜೆ ಊರಲಾಗದಿದ್ದರೆ ಮಾತ್ರ ಸೂಜಿ, ಅದೂ ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿ, ಅದೂ ಕೆಳಗಿನ ಅಂಚಿನಲ್ಲಿ. ನೀರು ತಾನಾಗಿ ಇಳಿಯಬೇಕು, ಹಿಂಡಬಾರದು. ಮೇಲಿನ ಚರ್ಮವನ್ನು ಮಾತ್ರ ಯಾವ ಕಾರಣಕ್ಕೂ ಕೀಳಬಾರದು. "ದೇವರು ಕೊಟ್ಟ ಪಟ್ಟಿ ಅದು, ಅದಕ್ಕಿಂತ ಒಳ್ಳೇದು ಯಾವ ಮೆಡಿಕಲ್ ಶಾಪಲ್ಲೂ ಸಿಗಲ್ಲ." ಫೆಲ್ಟ್ ಎಂಬ ಹಳೆಯ ದಪ್ಪ ಉಣ್ಣೆ ಬಟ್ಟೆಯನ್ನು ಬಳೆಯಂತೆ ಕತ್ತರಿಸಿ ಬೊಬ್ಬೆ ನಡುವೆ ಬರುವಂತೆ ಅಂಟಿಸುತ್ತಿದ್ದರು. ಶೂ ಆ ಬಳೆಗೆ ಉಜ್ಜಬೇಕು, ಬೊಬ್ಬೆಗಲ್ಲ. ನನ್ನ ಹತ್ತಿಯ ಸಾಕ್ಸನ್ನು ಕಿತ್ತುಕೊಂಡು ನೆಲ ಒರೆಸಲು ಹಾಕಿಬಿಟ್ಟಿದ್ದರು, ಬೆವರು ಕುಡಿದು ಒದ್ದೆಯಾಗುತ್ತದೆಂದು. ಹಿಮ್ಮಡಿ ಜಾರದಂತೆ ಲೇಸ್ ಕಟ್ಟುವುದನ್ನು ಕಲಿಸಿಕೊಟ್ಟರು. ಇಷ್ಟೆಲ್ಲ ಆದ ಮೇಲೆ, ವಾಸಿಯಾಗುವ ತನಕ ಓಡಬಾರದು ಎಂಬ ಕೊನೆಯ ಆಜ್ಞೆ. ಅದನ್ನು ನಾನು ಪಾಲಿಸಿದ್ದು ಕಡಿಮೆ.

ಒಂದು ವಿಷಯಕ್ಕೆ ಮಾತ್ರ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ನೋವಿನ ಬಗ್ಗೆ ಅವರಿಗೆ ಅದೆಂಥ ಆಸೆಯೋ. "ಎಲ್ಲಿ ನೋಯುತ್ತೆ, ಸರಿಯಾಗಿ ಹೇಳು. ಇಲ್ಲಿಯಾ? ಇಲ್ಲಿ? ಚುಚ್ಚುತ್ತಾ, ಉರಿಯುತ್ತಾ? ಒತ್ತಿದ ಕೂಡಲೇ ಗೊತ್ತಾಗುತ್ತಾ, ಸ್ವಲ್ಪ ತಡೆದು ಗೊತ್ತಾಗುತ್ತಾ?" ನಾನು ಮೇಲೆ ಹೋಗಿ ಸ್ನಾನ ಮಾಡಬೇಕು, ಕುಕ್ಕರ್ ಇಡಬೇಕು, ಅವರಿಗೆ ನೋವಿನ ವರ್ಣನೆ ಬೇಕು. "ನೋಯುತ್ತೆ ಅಷ್ಟೇ ಆಂಟಿ, ಅದರಲ್ಲಿ ಕಥೆ ಏನಿದೆ" ಎಂದು ಒಮ್ಮೆ ಸಿಡುಕಿದೆ. ಅವರು ನಕ್ಕು ಪಟ್ಟಿ ಕತ್ತರಿಸತೊಡಗಿದರು. "ನೋಯುತ್ತಲ್ಲ, ಅದೇ ಪುಣ್ಯ" ಎಂದರು. ನರ್ಸುಗಳ ಮಾತೇ ಹೀಗೆ ಎಂದುಕೊಂಡು ಎದ್ದು ಬಂದೆ.

ಇನ್ನೊಂದು ವಿಚಿತ್ರ, ಅವರು ಸಾಕ್ಸ್ ಬಿಚ್ಚುತ್ತಿರಲಿಲ್ಲ. ದೆಹಲಿಯ ಮೇ ತಿಂಗಳಲ್ಲಿ ನಲ್ಲಿಯ ನೀರೇ ಕುದಿಯುವ ಹಾಗಿರುವಾಗಲೂ ಬಿಳಿ ಸಾಕ್ಸ್, ಮೆತ್ತನೆಯ ಬೂಟು, ಮನೆಯೊಳಗೂ. ನಮ್ಮಲ್ಲಿ ಚಪ್ಪಲಿ ಹೊಸಿಲಾಚೆ ಬಿಡುತ್ತೇವೆ, ಇವರು ದೇವರ ಪಟದ ಮುಂದೂ ಹಾಗೇ ನಿಲ್ಲುತ್ತಾರಲ್ಲ ಎಂದು ನನ್ನ ಹಾಸನದ ಬುದ್ಧಿಗೆ ಸ್ವಲ್ಪ ಕಸಿವಿಸಿಯೇ ಆಗುತ್ತಿತ್ತು. ಮಿಲಿಟರಿ ಶಿಸ್ತು ಎಂದು ಸುಮ್ಮನಾದೆ.

ಆ ವರ್ಷ ಮೊದಲ ಸಲ ಒಂದು ದೊಡ್ಡ ಓಟಕ್ಕೆ ಹೆಸರು ಕೊಟ್ಟಿದ್ದೆ. ಹಿಂದಿನ ದಿನ ಅಮ್ಮ ಫೋನಿನಲ್ಲಿ, "ಅಲ್ಲಿ ಹಿರಿಯರು ಅಂತ ಯಾರಿದ್ದಾರೋ ಅವರ ಕಾಲಿಗಾದ್ರೂ ಬಿದ್ದು ಹೋಗು" ಎಂದಳು. ನನಗೆ ಹಿರಿಯರೆಂದರೆ ಕೆಳಗಿನ ಮನೆಯವರೇ. ಸಂಜೆ ಇಳಿದು ಹೋದೆ. ಅವರು ಊಟದ ಮೇಜಿನ ಮುಂದೆ ಕೂತು ಭೂತಗನ್ನಡಿ ಹಿಡಿದು ಪತ್ರಿಕೆಯ ಪದಬಂಧ ತುಂಬುತ್ತಿದ್ದರು. ಅಪರೂಪಕ್ಕೆ ಬೂಟು ಪಕ್ಕಕ್ಕಿದ್ದವು, ಕಾಲಿಗೆ ಬರೀ ಸಾಕ್ಸ್. ಮಾತಾಡಿಸಿದರೆ ಬೇಡವೆನ್ನುತ್ತಾರೆಂದು ನಾನು ಸದ್ದಿಲ್ಲದೆ ಬಗ್ಗಿದೆ. ಕೊಡಗಿನಲ್ಲಿ ಹಿರಿಯರ ಕಾಲನ್ನು ಮೂರು ಸಲ ಮುಟ್ಟುತ್ತಾರೆಂದು ಅವರಿಂದಲೇ ಕೇಳಿದ್ದೆ. ಎರಡೂ ಪಾದಗಳನ್ನು ಗಟ್ಟಿಯಾಗಿಯೇ ಹಿಡಿದು ಮೂರು ಸಲ ಕಣ್ಣಿಗೊತ್ತಿಕೊಂಡೆ. ಆಶೀರ್ವಾದ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವರು ಪದಬಂಧದಲ್ಲೇ ಇದ್ದರು. ನನ್ನ ತಲೆ ಮೇಜಿನ ಕಾಲಿಗೆ ತಗಲಿ ಸದ್ದಾದಾಗ ಕೆಳಗೆ ನೋಡಿದರು.

"ಅರೆ, ಅಲ್ಲಿ ಕೂತು ಎಂಥ ಹುಡುಕ್ತಿದ್ದೀಯ? ಏನು ಬಿತ್ತು?"

ನನ್ನ ಕೈಗಳು ಇನ್ನೂ ಅವರ ಪಾದದ ಮೇಲೇ ಇದ್ದವು.

"ನಮಸ್ಕಾರ ಮಾಡ್ತಿದ್ದೆ ಆಂಟಿ" ಎಂದೆ. ಅವರು ನನ್ನ ಕೈ ನೋಡಿದರು, ತಮ್ಮ ಕಾಲು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು, ಆದರೂ ಅವರೇ ಹೇಳಲೆಂದು ನೆಲದ ಮೇಲೇ ಕೂತಿದ್ದೆ. ಬಹಳ ವರ್ಷದ ಸಕ್ಕರೆ ಕಾಯಿಲೆ. ಮೊದಲು ಬೆರಳು ಜೋಮು ಹಿಡಿದವು, ಆಮೇಲೆ ಅಂಗಾಲು, ಈಗ ಕಣಕಾಲಿನ ತನಕ ಏನೂ ತಿಳಿಯುತ್ತಿರಲಿಲ್ಲ. ಕಲ್ಲು ಚುಚ್ಚಿದರೂ ಅಷ್ಟೇ, ಹೂವಿಟ್ಟರೂ ಅಷ್ಟೇ. ಅದಕ್ಕೇ ಮನೆಯೊಳಗೂ ಬೂಟು. ಇಂಥ ಕಾಲನ್ನು ದಿನಾ ನೋಡಿಕೊಳ್ಳಬೇಕೆಂದು ಎಷ್ಟೋ ರೋಗಿಗಳಿಗೆ ಹೇಳಿಕೊಟ್ಟವರು ಅವರು.

"ಕಣ್ಣಿಗೆ ಕಾಣಲ್ಲ, ಸೊಂಟ ಬಗ್ಗಲ್ಲ, ಕಾಲು ತಾನಾಗಿ ಹೇಳಲ್ಲ. ಎಂಥ ಮಾಡಲಿ ಹೇಳು" ಎಂದರು. ಮೈಸೂರಿನಲ್ಲಿದ್ದ ಅಣ್ಣನ ಮಗನಿಗೆ ಈ ವಿಷಯ ಗೊತ್ತಿರಲಿಲ್ಲ. ಗೊತ್ತಾದರೆ ಆ ವಾರವೇ ಬಂದು ಕರೆದುಕೊಂಡು ಹೋಗುವಷ್ಟು ಒಳ್ಳೆಯವನು. ಅದೇ ಅವರ ಭಯ. "ಒಂದು ಗಾಯ ಸಾಕು. ಕಾಲು ಹೋದರೆ ಈ ಮನೆ ಹೋಯ್ತು ಅಂತಲೇ ಲೆಕ್ಕ."

ನೋವಿನ ಬಗ್ಗೆ ಅವರು ಕೇಳುತ್ತಿದ್ದುದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಇಲ್ಲಿಯಾ? ಇಲ್ಲಿ? ಒತ್ತಿದ ಕೂಡಲೇ ಗೊತ್ತಾಗುತ್ತಾ?... ನನಗೆ ಅಳು ಬಂತು, ಅತ್ತುಬಿಟ್ಟೆ. ನಾಳೆ ಓಡಬೇಕಾದವಳು ಅಳಬಾರದು ಎಂದು ಗದರಿ ಆಮೇಲೆ ತಲೆಯ ಮೇಲೆ ಕೈಯಿಟ್ಟರು.

ಆ ಓಟ ಓಡಿದೆ. ಮೆಡಲ್ ಬಂತು, ಮುಗಿಸಿದವರಿಗೆಲ್ಲ ಕೊಡುತ್ತಾರೆ. ಅದರ ಮಾರನೆಯ ಬೆಳಿಗ್ಗೆಯಿಂದ ಪರೇಡ್ ಅದಲುಬದಲಾಯಿತು. ಓಡಿ ಬಂದು ಕೈ ತೊಳೆದು ನಾನು ಸ್ಟೂಲಿನ ಮೇಲೆ, ಅವರ ಕಾಲು ನನ್ನ ತೊಡೆಯ ಮೇಲೆ. ಬೆರಳ ಸಂದಿ, ಉಗುರಿನ ಅಂಚು, ಹಿಮ್ಮಡಿ, ಅಂಗಾಲು. ಬೂಟಿನೊಳಗೆ ಕೈ ಹಾಕಿ ಮರಳಿನ ಕಾಳಿದೆಯೇ ಎಂದು ತಡಕುವುದೂ ಸೇರಿತ್ತು. ಆತುರಪಟ್ಟರೆ, "ಮತ್ತೆ ಮೊದಲಿಂದ" ಎನ್ನುತ್ತಿದ್ದರು. ನಾನು ಒಂದೆಡೆ ಅಲುಗಾಡದೆ ಕೂರುತ್ತಿದ್ದುದು ದಿನದಲ್ಲಿ ಅಷ್ಟು ಹೊತ್ತು ಮಾತ್ರ. ಎದೆಯೊಳಗಿನ ಬಾಗಿಲು ತಟ್ಟುವವನೂ ಆಗ ಸುಮ್ಮನಿರುತ್ತಿದ್ದ. ಮುಟ್ಟಿದ್ದು ಅವರಿಗೆ ತಿಳಿಯದಲ್ಲ, ಅದಕ್ಕೆ ಬಾಯಲ್ಲಿ ಹೇಳುವುದು ರೂಢಿಯಾಯಿತು. "ಆಂಟಿ, ಹೆಬ್ಬೆರಳು ಮುಟ್ಟಿದೆ. ಆಂಟಿ, ಈಗ ಹಿಮ್ಮಡಿ." ಅವರು ಕಣ್ಣು ಮುಚ್ಚಿ "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು. ತಿಳಿದಂತೆಯೇ ಎನ್ನುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ನಾವು ಹೆದರಿದ್ದು ಬಂದೇ ಬಂತು. ಜನವರಿಯ ಮಂಜು, ಎದುರಿನ ಬ್ಲಾಕ್ ಕಾಣದಂಥ ಬೆಳಿಗ್ಗೆ. ನಾನು ಸಾಕ್ಸ್ ತೆಗೆದರೆ ಕಿರುಬೆರಳಿನ ಪಕ್ಕ ನೆಲ್ಲಿಕಾಯಿಯಷ್ಟು ನೀರುಗುಳ್ಳೆ. ಹಿಂದಿನ ಸಂಜೆ ಹೀಟರಿನ ಮುಂದೆ ಕಾಲು ಚಾಚಿ ಸುದ್ದಿ ನೋಡುತ್ತಾ ತೂಕಡಿಸಿದ್ದರಂತೆ. ದೆಹಲಿಯಲ್ಲಿ ಎಲ್ಲರೂ ಮಾಡುವ ಕೆಲಸವೇ. ಬೇರೆಯವರ ಕಾಲು ಬಿಸಿ ತಾಗಿದೊಡನೆ ತಾನಾಗಿ ಹಿಂದೆ ಸರಿಯುತ್ತದೆ.

ನಾನು ಹೇಳಿದೆ. ಅವರು ಭೂತಗನ್ನಡಿ ಕೇಳಿ, ನಾನು ಹಿಡಿದ ಕೈಗನ್ನಡಿಯಲ್ಲಿ ನೋಡಿ, "ಅಚ್ಛಾ" ಎಂದರು. ಆಮೇಲೆ ತೀರಾ ಮಾಮೂಲು ದನಿಯಲ್ಲಿ, "ಸೂಜಿ ತಗೊಂಡು ಬಾ. ಕೆಳಗಿನ ಅಂಚಲ್ಲಿ ಚುಚ್ಚು, ಪಟ್ಟಿ ಹಾಕು, ಮುಗೀತು."

"ಇಂಥ ಕಾಲಿಗೆ ಮನೇಲಿ ಸೂಜಿ ತಾಗಿಸಬಾರದು ಅಂತ ನೀವೇ ಹೇಳಿದ್ರಿ. ಆಸ್ಪತ್ರೆಗೆ ಹೋಗೋಣ."

"ಆಸ್ಪತ್ರೇಲಿ ಕೂರಿಸಿಕೊಂಡರೆ ಮೈಸೂರಿಗೆ ಫೋನ್ ಹೋಗುತ್ತೆ. ಸೂಜಿ ತಾ. ಇದು ಆರ್ಡರ್."

ನನಗೆ ಪಿತ್ತ ನೆತ್ತಿಗೇರಿತು. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ನಾನು ನಿಮ್ಮ ಸಿಪಾಯಿ ಅಲ್ಲ ಆಂಟಿ. ಎದ್ದೇಳಿ, ಚಲೋ" ಎಂದು ಕೂಗಿದೆ. ಅವರಿಗೆ ಯಾರಾದರೂ ದನಿಯೇರಿಸಿ ಎಷ್ಟು ಕಾಲವಾಗಿತ್ತೋ. ನನ್ನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಸದಾ ನೆಟ್ಟಗೆ ಕೂರುವ ಬೆನ್ನು ಬಾಗಿತ್ತು. ನಾನು ದನಿ ಇಳಿಸಿ, "ಮನೆ ಎಲ್ಲೂ ಹೋಗಲ್ಲ ಆಂಟಿ. ಹೋಗದೇ ಇರಲಿ ಅಂತಲೇ ಕರೀತಿರೋದು" ಎಂದೆ. ಶಾಲು ಕೊಡು ಎಂಬಂತೆ ಕೈ ಚಾಚಿದರು.

ಮಂಜಿನಲ್ಲಿ ಟ್ಯಾಕ್ಸಿ ಹಿಡಿದು, ಸೈನಿಕರ ಆಸ್ಪತ್ರೆಯ ಸಾಲಿನಲ್ಲಿ ಕೂತು, ಎಳೆಯ ಡಾಕ್ಟರಿಗೆ ಅವರೇ ತಮ್ಮ ಕಾಲಿನ ವರದಿ ಒಪ್ಪಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಬೇರೆ ಯಾರದೋ ಕಾಲಿನ ಬಗ್ಗೆ ಮಾತಾಡಿದ ಹಾಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಡ್ರೆಸ್ಸಿಂಗಿಗೆ ಎಡತಾಕಿದೆವು, ವಾರಗಳು ಉರುಳಿದವು. ಪಾರ್ಕಿನಲ್ಲಿ ಇಲ್ಲಿಯವರು ಸೆಮಲ್ ಎನ್ನುವ ಬೂರುಗದ ಮರ ಕೆಂಪಾಗಿ ಹೂಬಿಡುವ ಹೊತ್ತಿಗೆ ಅಲ್ಲಿ ಹೊಸ ಚರ್ಮ ಬಂದಿತ್ತು, ನಸುಗೆಂಪು, ನುಣುಪು. ಹೀಟರು ಗೇಟಿನ ಗಾರ್ಡ್‌ನ ಕೋಣೆ ಸೇರಿತು. ಅಣ್ಣನ ಮಗನಿಗೆ ಅವರೇ ಫೋನ್ ಮಾಡಿ ಎಲ್ಲ ಹೇಳಿದರು. "ನನ್ನ ಪಾದ ನೋಡೋಕೆ ಇಲ್ಲೊಬ್ಬಳು ಆಫೀಸರ್ ಇದ್ದಾಳೆ, ನೀನು ಬರೋದು ಬೇಡ" ಎಂದರಂತೆ. ಅದನ್ನು ನನಗೆ ಹೇಳಿದ್ದು ಅವನೇ, ಬಹಳ ತಡವಾಗಿ.

ಆಮೇಲಿನ ಎರಡು ಚಳಿಗಾಲವನ್ನು ಆ ಕಾಲುಗಳು ಒಂದು ಗೀರೂ ಇಲ್ಲದೆ ದಾಟಿದವು. ನಾವಿಬ್ಬರೂ ಕಾಲನ್ನೇ ಕಾಯುತ್ತಿದ್ದೆವು. ಹೃದಯದ ಕಡೆಗೆ ಯಾರ ಗಮನವೂ ಇರಲಿಲ್ಲ.

ಒಂದು ಬೆಳಿಗ್ಗೆ ಓಡಿ ಬಂದು ಬೆಲ್ ಒತ್ತಿದರೆ ಬಾಗಿಲು ತೆರೆಯಲಿಲ್ಲ. ನನ್ನ ಬಳಿ ಇದ್ದ ಕೀಲಿಯಿಂದ ತೆಗೆದೆ... ನಿದ್ದೆಯಲ್ಲೇ ಹೋಗಿದ್ದರು. ತಮ್ಮದೇ ಮನೆಯಲ್ಲಿ, ತಮ್ಮದೇ ಹಾಸಿಗೆಯಲ್ಲಿ, ಎರಡೂ ಕಾಲಿನೊಂದಿಗೆ. ಸಂಜೆ ವಿಮಾನದಲ್ಲಿ ಅಣ್ಣನ ಮಗ ಬಂದ. ಹೊರಡಿಸುವ ಮುನ್ನ ಹಿರಿಯರೊಬ್ಬರು ಸಾಕ್ಸ್ ತೆಗೆಯಿರಿ, ಎಲ್ಲರೂ ಪಾದಕ್ಕೆ ನಮಸ್ಕಾರ ಮಾಡಲಿ ಎಂದರು. ತೆಗೆದದ್ದು ನಾನೇ, ಬೇರೆಯವರಿಗೆ ಬಿಡಲಿಲ್ಲ. ಅಷ್ಟು ಜನರ ಮಧ್ಯೆಯೂ ನನ್ನ ಕಣ್ಣು ಬೆರಳ ಸಂದಿ ನೋಡಿತು, ಹಿಮ್ಮಡಿ ನೋಡಿತು. ಎಲ್ಲ ಸರಿಯಾಗಿತ್ತು. ಬಗ್ಗಿ ಎರಡೂ ಪಾದ ಹಿಡಿದೆ. ರೂಢಿ ಬಿಡಲಿಲ್ಲ, ದನಿ ತಾನಾಗಿ ಹೊರಟಿತು. "ಆಂಟಿ, ಮುಟ್ಟಿದೆ" ಎಂದೆ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು "ಹ್ಞೂಂ" ಎನ್ನಲೆಂದು ನಾನು ಸ್ವಲ್ಪ ಹೊತ್ತು ಹಾಗೇ ಕಾದೆ.

ಈಗ ಕೆಳಗಿನ ಮನೆಯಲ್ಲಿ ಬೇರೆ ಸಂಸಾರವಿದೆ, ಬಾಗಿಲ ಮುಂದೆ ಮಕ್ಕಳ ಸೈಕಲ್ಲು. ಕಂದು ಸೀಸೆ ನನ್ನ ಬಳಿ ಬಂತು, ತಳದಲ್ಲಿದ್ದದ್ದು ಎಂದೋ ಒಣಗಿ ಗಟ್ಟಿಯಾಗಿದೆ. ನಾನು ಇನ್ನೂ ಓಡುತ್ತೇನೆ, ಮೊದಲಿಗಿಂತ ಹೆಚ್ಚೇ ಓಡುತ್ತೇನೆ. ಕೂರಲು ಇನ್ನೂ ಬರುವುದಿಲ್ಲ. ಆ ಸ್ಟೂಲು ಹೋದ ಮೇಲೆ ಕೂರುವ ಜಾಗವೂ ಹೋಯಿತು.

ಮೊನ್ನೆ ಲೋಬಾನದವನು ಮುಂದೆ ಸರಿದ ಮೇಲೆ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಶೂ ಬಿಚ್ಚಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಚರ್ಮ ಒಡೆದಿರಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಒತ್ತಿದೆ. ಒತ್ತಿದ ಕೂಡಲೇ ಗೊತ್ತಾಯಿತು. ಚುಚ್ಚುವುದಲ್ಲ, ಉರಿ. ಒಳಗಿನ ಬದಿಗೆ ಹೆಚ್ಚು, ಮೇಲಕ್ಕೆ ಕಡಿಮೆ. ಅಷ್ಟನ್ನೂ ಸರಿಯಾಗಿ ನೋಡಿಕೊಂಡೆ. ಕೇಳುವವರು ಯಾರೂ ಇರಲಿಲ್ಲ. "ಇಲ್ಲಿ ನೋಯುತ್ತೆ ಆಂಟಿ" ಎಂದೆ.